ಬಿಸ್ಕತ್ತಿನ ಕ್ಯಾಲೆಂಡರಿಗೆ ನಮ್ಮೂರ ಮಕ್ಕಳು

ಆಗದ ಮಾತು ಎಂದವರು ನಮ್ಮ ಬಿಸ್ಕತ್ತು ಕಂಪನಿಯ ಮ್ಯಾನೇಜರು. ಕ್ಯಾಲೆಂಡರಿಗೆ ಮಕ್ಕಳ ಚಿತ್ರವನ್ನು ಸ್ಟುಡಿಯೋದ ಪರದೆಯ ಮುಂದೆ ತೆಗೆಯುವುದೇ ಪದ್ಧತಿ; ಬಯಲಿನಲ್ಲಿ, ಅದೂ ಹಳ್ಳಿಯ ಮಕ್ಕಳನ್ನು ನಿಲ್ಲಿಸಿ ತೆಗೆಯಲು ಯಾರಿಂದಲೂ ಸಾಧ್ಯವಿಲ್ಲ ಎಂದರು. ನಾನು ಸಾಧ್ಯ ಎಂದೆ. ಹಾಗಾದರೆ ಕ್ಯಾಮೆರಾಕ್ಕೆ ಹಾಕುವ ಹನ್ನೆರಡು ಗಾಜಿನ ಪ್ಲೇಟು ಕೊಡುತ್ತೇನೆ, ಒಂದಕ್ಕೆ ಒಂದೇ ಚಿತ್ರ, ಚಿತ್ರ ಬಂದರೆ ಕೆಲಸ ಕಾಯಂ, ಬರದಿದ್ದರೆ ನಿನ್ನ ಬಿ.ಎ.ಯನ್ನು ಬೇರೆ ಕಡೆ ತೋರಿಸಿಕೋ ಎಂದರು. ನಮ್ಮ ವಂಶದಲ್ಲಿ ಬಿ.ಎ. ಮಾಡಿದವನು ನಾನೊಬ್ಬನೇ. ಅದನ್ನು ಹೊತ್ತು ಇನ್ನೊಂದು ಬಾಗಿಲು ತಟ್ಟುವ ಮನಸ್ಸು ನನಗಿರಲಿಲ್ಲ.

ಯುದ್ಧ ಮುಗಿದು ವರ್ಷವಾಗಿದ್ದರೂ ಪೆಟ್ರೋಲು ಸಲೀಸಾಗಿ ಸಿಗುತ್ತಿರಲಿಲ್ಲ. ಫೋಟೋಗ್ರಾಫರ್ ನಾಯ್ಡುವಿನ ಜೊತೆ ಬೆಂಗಳೂರಿನಲ್ಲಿ ಇದ್ದಿಲ ಹೊಗೆಯಿಂದ ಓಡುವ ಬಸ್ಸು ಹತ್ತಿದೆ. ಹೊಸೂರಿಗೆ ಇಪ್ಪತ್ತನಾಲ್ಕು ಮೈಲಿ, ತಲೆಗೆ ಹತ್ತಾಣೆ, ಕ್ಯಾಮೆರಾ ಪೆಟ್ಟಿಗೆಗೆ ಬೇರೆ ಎರಡಾಣೆ. ಅತ್ತಿಬೆಲೆ ದಾಟಿದ ಮೇಲೆ ಬಸ್ಸು ಏದುಸಿರು ಬಿಟ್ಟು ನಿಂತಿತು. ಎಲ್ಲರೂ ಇಳಿದು ತಳ್ಳಿದೆವು. ನಾಯ್ಡು ಮಾತ್ರ ಪೆಟ್ಟಿಗೆಯನ್ನು ತೊಡೆಯಿಂದ ಇಳಿಸದೆ ಸೀಟಿನಲ್ಲೇ ಕೂತಿದ್ದ. ಹೊಸೂರಿನಲ್ಲಿ ಇಡ್ಲಿ ತಿಂದು, ಇನ್ನೊಂದು ಬಸ್ಸಿನಲ್ಲಿ ಡೆಂಕಣಿಕೋಟೆ ಸೇರಿ, ಎರಡು ಮೈಲಿ ನಡೆದು ನಮ್ಮೂರು ಮುಟ್ಟಿದಾಗ ಸಂಜೆಯಾಗಿತ್ತು.

ಮೂರು ವಾರ ಕೂತು ಯೋಜನೆ ಬರೆದಿದ್ದೆ: ಏಳರಿಂದ ಒಂಬತ್ತರ ಎಳೆಬಿಸಿಲು, ಹಿಂದೆ ರಾಗಿ ಹೊಲ, ಮುಂದೆ ಆರು ಮಕ್ಕಳು, ಕೈಯಲ್ಲಿ ಬಿಸ್ಕತ್ತು. ಬೆಳಿಗ್ಗೆ ಹೋಗಿ ನೋಡಿದರೆ ಆ ಹೊಲವನ್ನು ಆನೆಗಳು ತುಳಿದು ಹೋಗಿದ್ದವು. ಮಕ್ಕಳನ್ನು ಕೆರೆ ಏರಿಗೆ ಕರೆದೊಯ್ದೆ. ನಾಯ್ಡು ಕರಿಬಟ್ಟೆಯೊಳಗೆ ತಲೆ ಹಾಕಿದ್ದೇ ತಡ, ಆರೂ ಮಕ್ಕಳು ಸೆಟೆದು ನಿಂತು ಕಣ್ಣು ಮುಚ್ಚಿದವು. ತೆರೆಯಿರಿ ಎಂದರೆ ತೆರೆಯುತ್ತಿದ್ದವು. ಅವನು ಗುಂಡಿ ಒತ್ತುವ ಹೊತ್ತಿಗೆ ಮತ್ತೆ ಮುಚ್ಚುತ್ತಿದ್ದವು. ಐದು ಪ್ಲೇಟು ಹಾಳಾದವು.

"ಏನ್ ಸ್ವಾಮಿ, ನಿಮ್ ಕಂಪನಿ ಮಾರೋದು ಬಿಸ್ಕತ್ತೋ ನಿದ್ದೆ ಮಾತ್ರೆಯೋ?" ಎಂದ ನಾಯ್ಡು.

ಯಾಕೆ ಹೀಗೆ ಎಂದು ಕೇಳಿದಾಗ ಗುಂಪಿನಲ್ಲಿ ದೊಡ್ಡವಳಾದ ಮುನಿಯಮ್ಮ, "ಪಟೇಲ್ರ ಪೋಟ ಹಂಗೇ ಅಲ್ವಾ ಇರೋದು?" ಎಂದಳು.

ನಮ್ಮೂರಲ್ಲಿದ್ದ ಫೋಟೋ ಅದೊಂದೇ. ಪಟೇಲರು ತೀರಿಕೊಂಡ ದಿನ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ ತೆಗೆಸಿದ್ದು. ಅದೇ ಊರಲ್ಲಿ ಹುಟ್ಟಿದ ನನಗೆ ಮೂರು ವಾರದಲ್ಲಿ ಒಮ್ಮೆಯೂ ಅದು ನೆನಪಾಗಿರಲಿಲ್ಲ. ಈ ಮಾತು ಕೇಳಿದ್ದೇ, ನೋಡಲು ಬಂದು ನಿಂತಿದ್ದ ತಾಯಂದಿರಿಗೂ ದಿಗಿಲು ಹತ್ತಿತು. ಹೆಣಕ್ಕೆ ಮಾಡುವುದನ್ನು ಮಕ್ಕಳಿಗೆ ಮಾಡಬೇಡ ಎಂದು ಅವರನ್ನು ಎಳೆದುಕೊಂಡು ಹೋದರು.

ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ನನ್ನನ್ನು ಸಾಕಿದ ಅಜ್ಜಿ ಬಂದಳು. "ಬದುಕಿರೋರ್ದೂ ತೆಗೀತಾರೇನ್ಲಾ?"

ತೆಗೆಯುತ್ತಾರೆ ಎಂದೆ.

"ಹಂಗಾದ್ರೆ ಮೊದ್ಲು ನಂದು ತೆಗ್ಸು. ಹೋದ್ರೆ ನಾನೇ ಹೋಯ್ತೀನಿ."

ಆರನೆಯ ಪ್ಲೇಟು ಅಜ್ಜಿಗೆ ಹೋಯಿತು. ಮಾರನೆಯ ಬೆಳಿಗ್ಗೆ ಅವಳು ತುಂಬಿದ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಮನೆಮನೆಯ ಮುಂದೆ ನಿಂತು, "ನೋಡ್ಕೊಳ್ರವ್ವ, ಇನ್ನೂ ಇವ್ನಿ" ಎಂದು ಹೇಳಿ ಬಂದಳು. ಏಳು ಗಂಟೆಗೆ ಆರೂ ಮಕ್ಕಳು ಏರಿಯ ಮೇಲಿದ್ದರು.

ಅಜ್ಜಿ ಅವರೆದುರು ಕೂತು ಬಿಸ್ಕತ್ತು ಕಚ್ಚಲು ಹೋದಳು. ಹಲ್ಲಿಲ್ಲ, ಆಗಲಿಲ್ಲ. ರಾಗಿ ಅಂಬಲಿಯಲ್ಲಿ ಅದ್ದಿ ಚಪ್ಪರಿಸಿದಳು. ಮಕ್ಕಳು ಬಿದ್ದು ಬಿದ್ದು ನಕ್ಕು, ತಾವೂ ಅದ್ದತೊಡಗಿದವು. ಹನ್ನೆರಡು ಕಣ್ಣೂ ಅರಳಿದ್ದವು. ನಾಯ್ಡು ಉಳಿದ ಆರು ಪ್ಲೇಟನ್ನೂ ಮುಗಿಸಿ, ಬೆವರು ಒರೆಸಿಕೊಂಡು, ಗೆದ್ದೆವು ಎಂದು ಕೈಸನ್ನೆ ಮಾಡಿದ. ಮರಳುವಾಗ ಅದೇ ಅತ್ತಿಬೆಲೆಯ ಬಳಿ ಬಸ್ಸು ನಿಂತಿತು. ಈ ಸಲ ನಾಯ್ಡು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ತಾನೇ ಇಳಿದು ತಳ್ಳಿದ.

ಕ್ಯಾಲೆಂಡರು ಅಚ್ಚಾಯಿತು. ಆಗದು ಎಂದಿದ್ದ ಮ್ಯಾನೇಜರೇ ಕಚೇರಿಯವರೆಲ್ಲರ ಎದುರು ಮೆಚ್ಚುಗೆಯ ಸರ್ಟಿಫಿಕೇಟು ಕೊಟ್ಟು, ಕೆಲಸ ಕಾಯಂ ಎಂದರು. ಆ ಭಾನುವಾರವೇ ಊರಿಗೆ ಹೋಗಿ ಆ ಸರ್ಟಿಫಿಕೇಟನ್ನು ಅಜ್ಜಿಯ ಕೈಗಿಟ್ಟೆ. ಓದು ಬಾರದ ಅವಳು ಅದರ ಮೇಲೆ ಮೆಲ್ಲಗೆ ಬೆರಳಾಡಿಸಿ, ಗೋಡೆ ತೋರಿಸಿದಳು.

"ಅಲ್ಲಿ ಮೊಳೆ ಹೊಡಿ. ಹಾರ ಮಾತ್ರ ಹಾಕ್ಬ್ಯಾಡ ಕಣ್ಲಾ, ಬದುಕಿರೋನ್ದು."