ಆನರ್ಸ್ ಜೋಡಿ

ನನ್ನ ಅಕ್ಕನ ಮಗಳನ್ನು ಮನೆಯಲ್ಲಿ ಕರೆಯುವುದು ಗುಬ್ಬಿ ಎಂದು. ಕಾಳು ಹೆಕ್ಕುವ ಹಾಗೆ ಅಕ್ಷರ ಹೆಕ್ಕುತ್ತಿದ್ದಳು. ನೂಲಿನ ಡಬ್ಬದ ಮೇಲಿನ ಚೀಟಿ, ಗುಂಡಿ ಕಟ್ಟಿಕೊಟ್ಟ ಹಳೇ ಪೇಪರು, ಏನು ಸಿಕ್ಕಿದರೂ ಓದಿ ಮುಗಿಸಿಯೇ ಕೆಳಗಿಡುವುದು. ಅಕ್ಕ ತೀರಿಕೊಂಡ ಮೇಲೆ ಚಿಕ್ಕಮ್ಮನಾದ ನನ್ನ ಹತ್ತಿರವೇ ಬೆಳೆದಳು. ನನ್ನದು ಹೊಲಿಗೆ ಅಂಗಡಿ. ಮುಂದಿನ ಕೋಣೆಯಲ್ಲಿ ಮಷಿನ್ನು ಮತ್ತು ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಹಿಂದಿನ ಕೋಣೆಯಲ್ಲಿ ನಮ್ಮಿಬ್ಬರ ಸಂಸಾರ. ಕೆಲಸ ಕಲಿಸೋಣವೆಂದು ಕೂರಿಸಿದರೆ ಪುಸ್ತಕ ನೋಡುತ್ತಾ ತೋಳಿನ ಬಾಯಿಯನ್ನೇ ಹೊಲಿದು ಮುಚ್ಚಿಡುತ್ತಿದ್ದಳು. ನಿನಗೆ ನಮಸ್ಕಾರ ತಾಯಿ, ಓದಿಕೊಂಡೇ ಇರು ಎಂದು ಬಿಟ್ಟುಬಿಟ್ಟೆ.

ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಆನರ್ಸ್ ತರಗತಿಗೆ ಅವಳಿಗೆ ಸೀಟು ಸಿಕ್ಕಿತು. ಹೊಸಬರು ಏನೇನು ನಿರೀಕ್ಷಿಸಬಹುದು ಎಂದು ತಿಳಿಸಲು ಮೊದಲ ದಿನವೇ ಒಂದು ಸಭೆ. ಮನೆಯವರೂ ಬರಬೇಕಂತೆ. ಅಂಗಡಿ ಮುಚ್ಚಿ ಹೋದೆ. ವಿಭಾಗದ ಮುಖ್ಯಸ್ಥರು ಬಲು ಮಾತುಗಾರರು. ಮಾಮೂಲಿ ತರಗತಿಯಲ್ಲಿ ಮೇಷ್ಟ್ರು ಹೇಳಿದ್ದನ್ನು ಮಕ್ಕಳು ಬರೆದುಕೊಳ್ಳುತ್ತಾರೆ, ಇಲ್ಲಿ ಮಕ್ಕಳು ಹೇಳಿದ್ದನ್ನು ಮೇಷ್ಟ್ರು ಕೇಳಿಸಿಕೊಳ್ಳುತ್ತಾರೆ ಎಂದರು. ಬೆಂಚಿನ ಸಾಲು ಇಲ್ಲ, ಎಲ್ಲರೂ ಒಂದೇ ದುಂಡು ಮೇಜಿನ ಸುತ್ತ ಕೂರುವುದು. ಆನರ್ಸ್ ಮಕ್ಕಳಿಗೇ ಬೇರೆ ಓದುವ ಕೋಣೆ, ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಗುಬ್ಬಿ ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಅಷ್ಟು ಸಂತೋಷ ಅವಳ ಮುಖದಲ್ಲಿ ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಕೊನೆಯಲ್ಲಿ ಮೆಲ್ಲಗೆ ಒಂದು ನಿಯಮ ಹೇಳಿದರು. ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಜೋಡಿ ಒಟ್ಟಿಗೆ ಓದಬೇಕು, ಚರ್ಚೆ ಮಾಡಬೇಕು. ವರ್ಷದ ಕೊನೆಗೆ ಒಂದೇ ವಿಷಯದ ಮೇಲೆ ಇಬ್ಬರೂ ಬೇರೆ ಬೇರೆ ಪ್ರಬಂಧ ಬರೆಯಬೇಕು. ಎರಡನ್ನೂ ಹೋಲಿಸಿ ಒಬ್ಬರನ್ನು ಮುಂದಿನ ವರ್ಷಕ್ಕೆ ಉಳಿಸಿಕೊಂಡು ಇನ್ನೊಬ್ಬರನ್ನು ಮಾಮೂಲಿ ತರಗತಿಗೆ ಕಳಿಸುತ್ತಾರೆ. ಒಬ್ಬರು ಪ್ರಬಂಧ ಕೊಡದಿದ್ದರೆ ಇನ್ನೊಬ್ಬರದ್ದನ್ನೂ ನೋಡುವುದಿಲ್ಲ, ಯಾಕೆಂದರೆ ಹೋಲಿಸುವುದೇ ಅವರ ಪದ್ಧತಿ. ಒಂದೇ ತಟ್ಟೆಗೆ ಇಬ್ಬರನ್ನು ಕೂರಿಸಿ ಒಬ್ಬರನ್ನು ಕೈ ಹಿಡಿದು ಎಬ್ಬಿಸುವುದು ಯಾವ ಸೀಮೆ ಪದ್ಧತಿಯೋ. ಅಕಸ್ಮಾತ್ ಒಬ್ಬರಿಗೆ ಹುಷಾರು ತಪ್ಪಿದರೆ ಎಂದು ಯಾರದೋ ತಂದೆ ಕೇಳಿದರು. ಮುಖ್ಯಸ್ಥರು ನಕ್ಕು ಬೇರೆ ಮಾತಿಗೆ ಹೋದರು.

ಗುಬ್ಬಿಯ ಜೋಡಿಗೆ ಸಿಕ್ಕಿದವಳು ವಕೀಲರ ಮಗಳು. ದೊಡ್ಡ ಮನೆಯ ಹುಡುಗಿ ಎಂದು ನಾನು ಮೊದಲು ಮುಖ ಗಂಟು ಹಾಕಿಕೊಂಡೇ ಇದ್ದೆ. ಆದರೆ ಸುಳ್ಳು ಯಾಕೆ ಹೇಳಲಿ, ಒಳ್ಳೆಯವಳೇ. ಸಂಜೆ ಬಂದು ಬಟ್ಟೆಗಂಟಿನ ಮೇಲೆ ಕೂರುವಳು, ಇಬ್ಬರೂ ಸತ್ತ ರಾಜರ ವಿಷಯಕ್ಕೆ ಕಿತ್ತಾಡುವರು. ಅಳತೆ ಕೊಡಲು ಬಂದವರು ಇದೇನು ಆಸ್ತಿ ಜಗಳವಾ ಎಂದು ಕೇಳುತ್ತಿದ್ದರು.

ಪ್ರಬಂಧದ ವಿಷಯ ಬೀದಿ ದೀಪ. ಊರಿಗೆ ದೀಪ ಬಂದ ಮೇಲೆ ಹೆಂಗಸರ ದುಡಿಮೆ ಹೇಗೆ ಬದಲಾಯಿತು ಎಂದು ಬರೆಯಬೇಕು. ಗುಬ್ಬಿ ತಿಂಗಳುಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪುಸ್ತಕ ಓದಿ ಬರೆದಳು. ಕೊಡುವ ದಿನ ಹತ್ತಿರ ಬಂದಾಗ ವಕೀಲರ ಮಗಳಿಗೆ ಕಾಮಾಲೆ. ಹಾಸಿಗೆಯಿಂದ ತಲೆ ಎತ್ತಲಾರಳು, ಒಂದು ಸಾಲೂ ಬರೆದಿಲ್ಲ. ಗುಬ್ಬಿ ಆಫೀಸಿಗೆ ಹೋಗಿ ಸ್ವಲ್ಪ ಕಾಲಾವಕಾಶ ಕೊಡಿ ಎಂದು ಅಂಗಲಾಚಿದಳು. ನಿಯಮ ಅಂದರೆ ನಿಯಮ ಎಂದು ಕೈ ತೊಳೆದುಕೊಂಡರು. ಅವಳು ಕೊಡದಿದ್ದರೆ ಇವಳದ್ದೂ ಕಸದ ಬುಟ್ಟಿಗೆ. ಬೇರೆ ದಾರಿ ಕಾಣದೆ ಅವಳ ಪ್ರಬಂಧವನ್ನೂ ಗುಬ್ಬಿಯೇ ಬರೆಯಲು ಕೂತಳು.

ಓದಿದ ಪುಸ್ತಕವೆಲ್ಲ ತನ್ನದಕ್ಕೇ ಸುರಿದುಬಿಟ್ಟಿದ್ದಳು. ಅದನ್ನೇ ಇನ್ನೊಂದರಲ್ಲಿ ಹಾಕಿದರೆ ಸಿಕ್ಕಿಬೀಳುವುದು ಗ್ಯಾರಂಟಿ. ಹಾಗಾಗಿ ಅಂಗಡಿಗೆ ಬರುವ ಮುದುಕಿಯರನ್ನು ಹಿಡಿದು ಕೂರಿಸಿಕೊಂಡು ಮಾತಾಡಿಸಿದಳು. ದೀಪ ಬಂದ ಮೇಲೆ ಕತ್ತಲಾದರೂ ಯಜಮಾನರು ಕೆಲಸದಿಂದ ಬಿಡುತ್ತಿರಲಿಲ್ಲ ಎಂದು ಒಬ್ಬಳು ಬೈದಳಂತೆ. ದೀಪದ ಕಂಬದ ಕೆಳಗೇ ಕೂತು ಬುಟ್ಟಿ ಹೆಣೆದು ಮಗಳನ್ನು ಸಾಕಿದೆ ಎಂದು ಇನ್ನೊಬ್ಬಳು ಹೇಳಿದಳಂತೆ. ಅವರು ಹೇಳಿದ ಹಾಗೇ ಬರೆದಿಟ್ಟಳು. ಬೇಕಂತಲೇ ಸಪ್ಪೆ ಮಾಡಿದ್ದೇನೆ, ನನ್ನದಕ್ಕಿಂತ ಒಂದು ಕೈ ಕೆಳಗಿದ್ದರೆ ಸಾಕು ಎಂದು ನನ್ನ ಹತ್ತಿರ ನಕ್ಕಳು.

ಬರೆದು ಕೊಟ್ಟರೆ ಮುಗಿಯುವುದಿಲ್ಲ, ಪರೀಕ್ಷಕರ ಮುಂದೆ ಉತ್ತರವನ್ನೂ ಹೇಳಬೇಕು. ವಕೀಲರ ಮಗಳು ಹಳದಿ ಕಣ್ಣು ಬಿಟ್ಟುಕೊಂಡು ನಮ್ಮ ಅಂಗಡಿಗೆ ಬಂದಳು. ಯಾವ ಪ್ರಶ್ನೆಗೆ ಏನು ಹೇಳಬೇಕೆಂದು ಗುಬ್ಬಿ ಕತ್ತರಿ ಮೇಜಿನ ಎದುರು ಅವಳನ್ನು ನಿಲ್ಲಿಸಿ, ಮಗುವಿಗೆ ಪಾಠ ಒಪ್ಪಿಸಿಕೊಳ್ಳುವ ಹಾಗೆ ಹೇಳಿಸಿದಳು. ತನ್ನದರ ತಯಾರಿಗೆ ಹೊತ್ತು ಸಿಗಲಿಲ್ಲ. ನನ್ನದು ನನಗೆ ಗೊತ್ತಿಲ್ಲವಾ ಚಿಕ್ಕಮ್ಮ ಎಂದಳು.

ಫಲಿತಾಂಶ ಹೇಳಲು ಮನೆಯವರ ಸಮೇತ ಕರೆದರು. ಮುಖ್ಯಸ್ಥರ ಕೋಣೆಯಲ್ಲಿ ಎರಡೂ ಪ್ರಬಂಧ ಮೇಜಿನ ಮೇಲಿದ್ದವು. ಗುಬ್ಬಿಯದಕ್ಕೆ ಒಳ್ಳೇ ರಟ್ಟು ಹಾಕಿಸಿದ್ದೆ. ಅವರು ಅದನ್ನು ಪಕ್ಕಕ್ಕೆ ಸರಿಸಿ ತೆಳ್ಳಗಿನದನ್ನು ಕೈಗೆತ್ತಿಕೊಂಡರು.

"ತುಂಬಾ ಓದಿದೀಯಮ್ಮ, ಇಲ್ಲ ಅನ್ನಲ್ಲ. ಆದ್ರೆ ನಿಂದರಲ್ಲಿ ಬರೀ ಪುಸ್ತಕ ಮಾತಾಡುತ್ತೆ, ನಿನ್ನ ಗೆಳತಿದರಲ್ಲಿ ಮನುಷ್ಯರು ಮಾತಾಡ್ತಾರೆ. ನಾವು ಅವಳನ್ನ ಇಟ್ಕೊಂಡಿದೀವಿ. ಹೇಗೆ ಬರೀಬೇಕು ಅಂತ ಅವಳನ್ನ ನೋಡಿ ಕಲಿ."

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಗುಬ್ಬಿ ಮೇಜಿನ ಕೆಳಗೆ ನನ್ನ ಪಾದವನ್ನು ಬಲವಾಗಿ ತುಳಿದಳು. ನಿಜ ಹೊರಬಿದ್ದರೆ ಇಬ್ಬರನ್ನೂ ವಿಶ್ವವಿದ್ಯಾಲಯದಿಂದಲೇ ಹೊರಗೆ ಹಾಕುತ್ತಾರೆಂದು ನನಗೂ ಗೊತ್ತಿತ್ತು. "ಹೌದು ಸಾರ್, ಅದು ಚೆನ್ನಾಗಿದೆ," ಎಂದು ಅವಳು ಎದ್ದು ನಿಂತಳು.

ಮಾಮೂಲಿ ತರಗತಿ ಅಂದರೆ ದೊಡ್ಡ ಹಾಲ್. ಮೇಷ್ಟ್ರು ಮೈಕು ಹಿಡಿದು ಹಳೇ ನೋಟ್ಸು ಓದುವುದು, ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುವುದು. ಗುಬ್ಬಿ ಹೋಗುತ್ತಿದ್ದಳು, ಬರುತ್ತಿದ್ದಳು, ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದಳು. ವಕೀಲರ ಮಗಳು ಬಂದು ಅತ್ತಳು, ಎಲ್ಲ ಹೇಳಿಬಿಡುತ್ತೇನೆ ಎಂದಳು. ಹೇಳಿದರೆ ನಿನ್ನದೂ ಹೋಗುತ್ತೆ, ನನ್ನದಂತೂ ವಾಪಸ್ ಬರಲ್ಲ, ಸುಮ್ಮನಿರು ಎಂದು ಇವಳೇ ಸಮಾಧಾನ ಮಾಡಿ ಕಳಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ವಕೀಲರ ಮಗಳು ಮತ್ತೆ ಬಂದಳು. ಬಟ್ಟೆಗಂಟಿನ ಮೇಲೆ ಕೂರಲಿಲ್ಲ, ಬಾಗಿಲಲ್ಲೇ ನಿಂತಳು. ಎರಡನೇ ವರ್ಷದ ಪ್ರಬಂಧದ ವಿಷಯ ಕೊಟ್ಟಿದ್ದಾರಂತೆ. ಹೋದ ವರ್ಷದ ಹಾಗೇ ಬರೆಯುತ್ತಾಳೆಂದು ಎಲ್ಲರೂ ಕಾಯುತ್ತಿದ್ದಾರಂತೆ, ತನಗೆ ಹಾಗೆ ಬರೆಯಲು ಬರುವುದಿಲ್ಲವಂತೆ. ಬಂದ ದಾರಿಗೆ ಸುಂಕವಿಲ್ಲ, ನಡಿ ಎಂದು ನಾನು ಮಷಿನ್ನು ಬಿಟ್ಟು ಎದ್ದೆ. ಅಷ್ಟರಲ್ಲಿ ಗುಬ್ಬಿ ಅವಳ ಕೈಯಿಂದ ಕಾಗದ ಇಸಿದುಕೊಂಡು ಓದತೊಡಗಿದ್ದಳು. ಮೇಜಿನ ಸುತ್ತ ಯಾರು ಏನು ಹೇಳಿದರು, ಮೇಷ್ಟ್ರು ಅದಕ್ಕೇನಂದರು ಎಂದು ಬಿಡದೆ ಕೇಳಿದಳು. ಎಷ್ಟೋ ದಿನದ ಮೇಲೆ ಅವಳ ಗಂಟಲಲ್ಲಿ ಜೀವ ಬಂದಿತ್ತು.

ಆ ಹುಡುಗಿ ಹೋದ ಮೇಲೆ ನಾನು ಬಿಡಲಿಲ್ಲ. ನೀನೇನು ಅವಳ ಮನೆಯ ಆಳಾ, ಅವಳು ಫೇಲಾಗಲಿ, ಆಗ ಅವರ ಕಣ್ಣು ತೆರೆಯುತ್ತೆ ಎಂದು ಬಾಯಿಗೆ ಬಂದ ಹಾಗೆ ಬೈದೆ.

"ಅವಳು ಫೇಲಾದ್ರೆ ನನಗೇನು ಸಿಗುತ್ತೆ ಚಿಕ್ಕಮ್ಮ? ಅಲ್ಲಿ ಏನು ಪಾಠ ಆಯ್ತು ಅಂತ ಬಂದು ಹೇಳೋರೂ ಇರಲ್ಲ. ಹೀಗೆ ಬರೆದ್ರೆ ನಾನೂ ಆ ಕ್ಲಾಸಲ್ಲಿ ಇದ್ದ ಹಾಗೇ ತಾನೇ?"

ಓದು ಮುಗಿಯುವ ತನಕ ಅವಳೇ ಬರೆದಳು. ಆನರ್ಸ್ ಪದವಿ ವಕೀಲರ ಮಗಳಿಗೆ ಬಂತು. ಅವಳು ದೂರದ ಊರಿನಲ್ಲಿ ಕೆಲಸಕ್ಕೆ ಸೇರಿ ಓದು ಬರಹ ಎಲ್ಲ ಬಿಟ್ಟಿದ್ದಾಳೆ, ಈ ಕಡೆ ತಲೆ ಹಾಕುವುದಿಲ್ಲ. ಗುಬ್ಬಿ ಒಂದು ಗೋದಾಮಿನಲ್ಲಿ ಬಂದ ಸಾಮಾನು, ಹೋದ ಸಾಮಾನು ನೋಡಿಕೊಳ್ಳುತ್ತಾಳೆ. ನಮಗೆ ಊಟಕ್ಕೆ ಕೊರತೆಯಿಲ್ಲ. ಮೋಸ ಹೋದೆನಲ್ಲ ಎಂದು ಅವಳು ಒಂದು ದಿನವಾದರೂ ಅತ್ತಿದ್ದರೆ ನಾನೂ ಜೊತೆಗೆ ಅತ್ತು ಹಗುರಾಗುತ್ತಿದ್ದೆ. ಬರೆದುಕೊಡು ಎಂದು ಈಗ ಯಾರೂ ಬರುವುದಿಲ್ಲವಲ್ಲ ಚಿಕ್ಕಮ್ಮ ಎಂದು ಅಳುತ್ತಾಳೆ.