ನಡುಗಡ್ಡಿಯೊಳಗ ವಿಶ್ರಾಂತಿ

ಮುಂಬೈ ದಂಡಿಯಿಂದ ದೋಣಿ ಹತ್ತಿ ಆ ಸಣ್ಣ ನಡುಗಡ್ಡಿಗೆ ಇಳಿದ ಕೂಡ್ಲೇ ನಮ್ಮಾಕಿ ತಾಕೀತು ಮಾಡಿದ್ಲು: "ಇಲ್ಲಿ ಸುಮ್ಮ ಕುಂದ್ರಾಕ ಬಂದೇವಿ. ನಮ್ಮೂರು ಮೇಲವಂಕಿ ಕಬ್ಬಿನ ಮಾತು ಎತ್ತಿದ್ರ ನೋಡ್ರಿ ಮತ್ತ!" ಬಿ.ಪಿ. ಏರೇತಿ, ವಿಶ್ರಾಂತಿ ತಗೋರಿ ಅಂತ ಡಾಕ್ಟರ್ ನನಗ ಹೇಳಿದ್ರು.

ರೆಸಾರ್ಟಿನ ಖುರ್ಚಿಯೊಳಗ ಕುಂತ್ನಿ. ಎದ್ನಿ. ಸಮುದ್ರ ನೋಡಿದ್ನಿ; ಅದೂ ಸುಮ್ಮ ಕುಂತಿರಲಿಲ್ಲ.

ಮಧ್ಯಾಹ್ನ ಆಕಿ ಮಲಗತೇನಿ ಅಂದ್ಲು. ನಾ ಅಡ್ಡಾಡಾಕ ಹೊರಬಿದ್ನಿ. ತೆಂಗಿನ ಗಿಡಕ್ಕ ಬಿಟ್ಟ ನೀರು ಒಡ್ಡು ಒಡದು ಹಾದಿಗುಂಟ ಹರಿಯಾಕತ್ತಿತ್ತು. ಕಾಲುವಿ ನೀರಿನ ಪಾಳಿಗೆ ಕಾಯೋ ಮಂದಿ ನಾವು. ನೋಡಕೋತ ಹೆಂಗ ನಿಂದ್ರೂದು? ಪ್ಯಾಂಟ್ ಏರಿಸಿ, ಅಲ್ಲೇ ಬಿದ್ದಿದ್ದ ಸಲಿಕಿ ತಗೊಂಡು ಒಡ್ಡು ಕಟ್ಟಾಕ ಹತ್ತಿದ್ನಿ.

ಕಾವಲುಗಾರ ಓಡಿಬಂದು ಮರಾಠಿಯೊಳಗ ಗದರಿದ: "ಸಾಹೇಬ್ರ, ಗೆಸ್ಟ್ ಮಂದಿ ಕೆಲಸ ಮಾಡಂಗಿಲ್ಲ!"

ನಾನೂ ಸಂಕೇಶ್ವರ ಬಜಾರದಾಗ ಕಲಿತ ನನ್ನ ಮರಾಠಿ ತಗದ್ನಿ: "ಹಂಗಾದ್ರ ನೀವು ಮಾಡ್ರಿ."

"ಅದು ನನ್ನ ಕೆಲಸ ಅಲ್ಲ."

"ನೀರು ಹೊಂಟೇತಲ್ರಿ?"

"ಹೋಗಲಿ ಬಿಡ್ರಿ."

ಹೋಗಲಿ ಬಿಡ್ರಿ ಅಂತ! ಖರೆ ಬಿ.ಪಿ. ಏರಿದ್ದು ಆವಾಗ.

ಒಡ್ಡು ಮುಗಿಸೇ ಬಿಟ್ನಿ. ನಮ್ಮಾಕಿಗಿ ಗೊತ್ತಾಗಬಾರದು ಅಂತ, ಕಾಲು ತೊಳಿಯಾಕ ಅಡಗಿಮನಿ ಹಿಂದಿನ ನಳಕ್ಕ ಹೋದ್ನಿ. ಒಳಗ ಪಟಪಟ ರೊಟ್ಟಿ ಬಡಿಯೋ ಸಪ್ಪಳ. ಇಣುಕಿದ್ನಿ. ಮಲಗತೇನಿ ಅಂದಿದ್ದಾಕಿ ಸೆರಗು ಸಿಗಿಸಿಕೊಂಡು ಅಡಗಿಯವಗ ಕಲಿಸಾಕತ್ತಿದ್ಲು: "ಹಂಗಲ್ಲೋ ಅಣ್ಣಾ, ತಿರುಗಿಸಿ ಬಡಿ!"

ನನ್ನ ಕೆಸರುಗಾಲು ಆಕಿ ನೋಡಿದ್ಲು. ಆಕಿ ಹಿಟ್ಟಿನ ಕೈ ನಾ ನೋಡಿದ್ನಿ.

ಡಾಕ್ಟರ್ ಕೇಳಿದ್ರ, ಇಬ್ಬರೂ ಛಲೋ ವಿಶ್ರಾಂತಿ ತಗೊಂಡೇವ್ರಿ ಅಂತ ಹೇಳೂದು, ಅಲ್ಲೇ ಠರಾವು ಆತು.