ಕುದುರೆಗೆ ಕೇಳಿಸಿದ್ದು

ಮನುಷ್ಯರಿಗೆ ಗೊತ್ತಾಗದ್ದು ಪ್ರಾಣಿಗಳಿಗೆ ಗೊತ್ತಾಗುತ್ತದೆ ಎಂದು ಯಾರಾದರೂ ಶುರು ಮಾಡಿದರೆ ನನಗೆ ಮೈ ಉರಿಯುತ್ತಿತ್ತು. ಖಾನಾಪುರದ ದನದ ದವಾಖಾನೆಯಲ್ಲಿ ಕಂಪೌಂಡರನಾಗಿದ್ದವನು ನಾನು. ಎಮ್ಮೆ ಹಾಲು ಕಡಿಮೆ ಮಾಡಿದರೆ ದೃಷ್ಟಿ, ಎತ್ತು ಮೇವು ಬಿಟ್ಟರೆ ಮಾಟ ಎನ್ನುವ ಮಂದಿಯ ಜೊತೆ ಗುದ್ದಾಡಿ ಸಾಕಾಗಿ ಹೋಗಿತ್ತು. ಆದ್ದರಿಂದ ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಮನೆ ಬೆಳಗಾವಿಯಲ್ಲಿ, ನೌಕರಿ ಖಾನಾಪುರದಲ್ಲಿ. ಬೆಳಿಗ್ಗೆ ರೈಲಿಳಿದು ದಸ್ತಗೀರನ ಟಾಂಗಾ ಹತ್ತುತ್ತಿದ್ದೆ. ಅವನ ಕುದುರೆಯ ಹೆಸರು ಮುನ್ನಿ. ತಂದೆ ಹುಸೇನಸಾಬ ತೀರಿಕೊಂಡ ಮೇಲೆ ಬೆಳಗಾವಿಯಿಂದ ತಂದ ಕುದುರೆ. ಅದರ ಮೈಗೆ ಅವನು ಚಾಬೂಕು ಮುಟ್ಟಿಸಿದ್ದನ್ನು ನಾನು ಕಂಡಿರಲಿಲ್ಲ.

ತಂದೆಯ ಮಾತೆತ್ತಿದರೆ ಸಾಕು, ದಸ್ತಗೀರನಿಗೆ ಎದೆ ಉಬ್ಬುತ್ತಿತ್ತು. ಹುಸೇನಸಾಬ ಐದು ಹೊತ್ತಿನ ನಮಾಜು ಬಿಟ್ಟವನಲ್ಲ, ಮಸೀದಿಯಲ್ಲಿ ಸದಾ ಮೊದಲ ಸಾಲು, ಊರಿನವರ ಜಗಳ ಬಿಡಿಸುವವನು. ಊರೂ ಹಾಗೆಯೇ ಹೇಳುತ್ತಿತ್ತು. ತಾಯಿ ಫಾತಿಮಾಬಿ ಮಾತ್ರ ಗಂಡನ ಸುದ್ದಿ ಬಂದಾಗ ಎದ್ದು ಒಳಗೆ ಹೋಗುತ್ತಿದ್ದಳು. ಆಕೆಯ ಬಲಗೈ ಮುರಿದು ಮಣಿಕಟ್ಟಿನ ಹತ್ತಿರ ಸೊಟ್ಟಗೆ ಕೂಡಿಕೊಂಡಿತ್ತು. ಬಾವಿಕಟ್ಟೆಯ ಮೇಲೆ ಜಾರಿ ಬಿದ್ದೆ ಎನ್ನುತ್ತಿದ್ದಳು.

ಒಂದು ದಿನ ಮುನ್ನಿಗೆ ಹೊಟ್ಟೆಶೂಲೆ ಹಿಡಿಯಿತು. ಡಾಕ್ಟರು ರಜೆಯ ಮೇಲಿದ್ದರು. ನಾನೇ ಎಣ್ಣೆ ಕುಡಿಸಿದೆ, ನಡೆದಾಡಿಸಿದೆ. ಕುದುರೆ ಬೆವರು ಸುರಿಸುತ್ತ ಬಿದ್ದು ಹೊರಳುತ್ತಿತ್ತು, ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿತ್ತು. ಅದು ಸತ್ತರೆ ಆ ಮನೆಯ ಒಲೆ ಆರಿದ ಹಾಗೆ. ಮಧ್ಯಾಹ್ನದ ಹೊತ್ತಿಗೆ ನಾನು ಆಸೆ ಬಿಟ್ಟಿದ್ದೆ.

ಆಗ ಬಾಜು ಮನೆಯ ಮುದುಕ ಚಾಚಾ ಬಂದು, "ಇದನ್ನ ಕೆಟ್ಟ ಮನಶ್ಯಾನ ಗೋರಿ ಹಂತೇಕ ಒಯ್ಯೋ. ಹೆದರಿಕಿಗೆ ಹೊಟ್ಟಿ ಬಿಡತೈತಿ. ನಮ್ಮ ಹಿರ್‍ಯಾರು ಹಂಗs ಮಾಡ್ತಿದ್ರು," ಎಂದ.

ನಾನು ಮುಖ ಸಿಂಡರಿಸಿದ್ದನ್ನು ಕಂಡು ದಸ್ತಗೀರ ಸಮಾಧಾನದಿಂದಲೇ ತಿಳಿಸಿ ಹೇಳಿದ. "ಸತ್ತವರಿಗೆ ಮಣ್ಣಾಗ ಇಬ್ರು ಫರಿಸ್ತೇರು, ಅಂದ್ರ ದೇವರ ದೂತರು, ಬಂದು ಸವಾಲ ಕೇಳ್ತಾರ್ರಿ ಸಾಹೇಬ್ರ. ಪಾಪ ಮಾಡಿದವಂಗ ಜವಾಬ ಬರಂಗಿಲ್ಲ. ಆಗ ಹೊಡೀತಾರ. ಮಣ್ಣು ಎರಡೂ ಬಾಜೂದಿಂದ ಒತ್ತತೈತಿ, ಪಕ್ಕೆಲಬು ಒಂದರಾಗೊಂದು ಸಿಗೂವಂಗ. ಅವ ಚೀರೂದು ನಮಗ ಕೇಳಂಗಿಲ್ಲ. ಜನಾವರಕ್ಕ ಕೇಳತೈತಿ."

ನಮ್ಮ ಲಿಂಗಾಯತರಲ್ಲೂ ಹೂಳುವುದೇ ಪದ್ಧತಿ. ಹೂಳಿದ ಮೇಲೆ ಲಿಂಗೈಕ್ಯರಾದರು ಎನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಮಣ್ಣಿನೊಳಗೆ ಏಟು ತಿನ್ನುವ ಹೆಣದ ಮಾತು ಕೇಳಿ ನನಗೆ ಒಂದು ಕಡೆ ನಗು, ಒಂದು ಕಡೆ ಹೇಸಿಗೆ. ಆದರೂ ಹೋದೆ. ಕುದುರೆ ದಾರಿಯಲ್ಲಿ ಬಿದ್ದರೆ ನೋಡುವವರು ಬೇಕಲ್ಲ.

ಕೆಟ್ಟ ಮನುಷ್ಯನೆಂದರೆ ಕುಡುಕ ಬಾಬಾಲಾಲ. ಹೆತ್ತ ತಾಯಿಯನ್ನು ಬೀದಿಗೆ ದಬ್ಬಿದವನು. ಬಿಸಿಲು ಇಳಿಯುವ ಹೊತ್ತಿಗೆ ಖಬರಸ್ತಾನ ಮುಟ್ಟಿ, ಮುನ್ನಿಯನ್ನು ಅವನ ಗೋರಿಯ ಪಕ್ಕ ನಿಲ್ಲಿಸಿದೆವು. ಅದು ತಲೆ ಜೋತುಹಾಕಿ ಸುಮ್ಮನೆ ನಿಂತಿತು, ಗೋರಿಯ ಮೇಲಿನ ಹುಲ್ಲನ್ನೂ ಮೂಸಿತು. "ಬಾಬಾಲಾಲಗ ಮಾಫಿ ಸಿಕ್ಕಂಗ ಕಾಣತೈತಿ," ಎಂದು ನಾನು ಚೇಷ್ಟೆ ಮಾಡಿದೆ. ದಸ್ತಗೀರ ಹಗ್ಗ ಎಳೆದು ಕುದುರೆಯನ್ನು ತಿರುಗಿಸಿದ. ಹೊರಟೆವು.

ಗೇಟಿಗೆ ವಾಪಸು ಬರಲು ಹಿಡಿದ ಬೇರೆ ದಾರಿಯಲ್ಲಿ ಸುಣ್ಣ ಬಳಿದ ಗೋರಿಯೊಂದಿತ್ತು. ಹುಸೇನಸಾಬನದು. ಅದರ ಎದುರಿಗೆ ಬರುತ್ತಲೇ ಮುನ್ನಿ ಗಕ್ಕನೆ ನಿಂತಿತು. ಕಿವಿ ನೆಟ್ಟಗಾದವು. ಚರ್ಮ ಅಲೆಅಲೆಯಾಗಿ ಅದುರತೊಡಗಿತು. ಕಣ್ಣಿನ ಬಿಳಿ ಹೊರಳಿಸಿ ಹಿಂದೆ ಹಿಂದೆ ಸರಿದು, ಕುದುರೆಯ ಬಾಯಿಂದ ನಾನು ಎಂದೂ ಕೇಳದಂಥ ಕೂಗು ಹಾಕಿ, ನಿಂತಲ್ಲೇ ಲದ್ದಿ ಹಾಕಿತು. ಹೊಟ್ಟೆ ಬಿಟ್ಟಿತ್ತು. ಕುದುರೆ ಉಳಿಯಿತು.

"ಗಾಳಿಗೆ ಏನರೆ ವಾಸನಿ ಬಂದಿರಬೇಕೋ," ಎಂದೆ. ದಸ್ತಗೀರ ಮುನ್ನಿಯನ್ನು ಸುತ್ತು ಹಾಕಿಸಿ ಆಚೆ ಕಡೆಯಿಂದ ತಂದ. ಅದೇ ನಡುಕ. ಸೊಂಟಕ್ಕೆ ಸಿಕ್ಕಿಸಿದ್ದ ಚಾಬೂಕು ತೆಗೆದು ಬಾರಿಸಿದ. "ನಡಿ! ನಮ್ಮ ಅಬ್ಬಾ ಅದಾರ ಅಲ್ಲೆ, ನಡಿ!" ಬಾಸುಂಡೆ ಎದ್ದು ರಕ್ತ ಬಂದರೂ ಕುದುರೆ ಒಂದು ಹೆಜ್ಜೆ ಮುಂದಿಡಲಿಲ್ಲ. ನಾನು ಅವನ ಕೈ ಹಿಡಿದುಕೊಂಡೆ. ಅವನು ಕುಸಿದು ಕೂತು ಎಳೆಮಗುವಿನ ಹಾಗೆ ಅತ್ತ.

ಮನೆಯಲ್ಲಿ ಫಾತಿಮಾಬಿ ಬಾಗಿಲಲ್ಲೇ ನಿಂತಿದ್ದಳು. "ಯಾರ ಗೋರಿ ಹಂತೇಕ ಹೊಟ್ಟಿ ಬಿಡ್ತು?" ಎಂದು ಕೇಳಿದಳು. ಮಗ ತಲೆ ಎತ್ತಲಿಲ್ಲ. ಆಕೆಗೆ ಅಷ್ಟೇ ಸಾಕಾಯಿತು. ನನ್ನ ಕಡೆ ತಿರುಗಿ ಮೆಲ್ಲಗೆ, "ಭಾಳ ನಡುಗಿತೇನ್ರಿ?" ಎಂದಳು. ನಾನು ಹೂಂ ಎಂದೆ. ಒಳಗಿನಿಂದ ಬೆಲ್ಲದ ಉಂಡೆ ತಂದು ಆ ಸೊಟ್ಟ ಕೈಯಿಂದಲೇ ಮುನ್ನಿಗೆ ತಿನ್ನಿಸಿದಳು.

ಕೆಲವು ದಿನಗಳ ನಂತರ ದಸ್ತಗೀರ ದವಾಖಾನೆಗೆ ಬಂದ. ಮುಖ ಇಳಿದಿತ್ತು. "ನಮ್ಮ ಅಮ್ಮಾಗ ನೀವರೆ ಹೇಳ್ರಿ, ಎಣ್ಣಿ ಕುಡಿಸಿದ್ದಕ್ಕ ಹೊಟ್ಟಿ ಬಿಟ್ಟೈತಿ ಅಂತ. ಅಕಿ ದಿನಾ ಸಂಜಿಕ ಕುದುರಿ ಹೊಡಕೊಂಡು ಖಬರಸ್ತಾನಕ್ಕ ಹೊಂಟಾಳ್ರಿ," ಎಂದು ಕೈ ಮುಗಿದ. ಎಣ್ಣೆಯಿಂದಲೇ ಎಂದು ನಾನೂ ನನಗೆ ಹೇಳಿಕೊಳ್ಳುತ್ತಿದ್ದೆ. ಆದರೆ ಹುಸೇನಸಾಬನ ಮುಖವನ್ನೇ ಕಾಣದ ಕುದುರೆ, ಅಷ್ಟು ಗೋರಿಗಳಲ್ಲಿ ಅದನ್ನೇ ಏಕೆ ಹುಡುಕಿ ಹೆದರಬೇಕು? 

ಸಂಜೆ ಹೋದೆ. ಫಾತಿಮಾಬಿ ಖಬರಸ್ತಾನದ ಗೋಡೆಯ ಹೊರಗೆ, ಗಂಡನ ಗೋರಿಯ ನೇರಕ್ಕೆ, ಹಗ್ಗ ಹಿಡಿದು ನಿಂತಿದ್ದಳು. ಹಬ್ಬಕ್ಕೆ ಉಡುವಂಥ ಸೀರೆ ಉಟ್ಟಿದ್ದಳು. ಮುನ್ನಿಯ ಬಾಯಲ್ಲಿ ನೊರೆ, ಮೈಯೆಲ್ಲ ನಡುಕ. ಆಕೆ ಗೋಡೆಯ ಕಡೆ ನೋಡುತ್ತಿರಲಿಲ್ಲ. ಕುದುರೆಯ ಕಿವಿಗಳನ್ನೇ ನೋಡುತ್ತಿದ್ದಳು.

"ಅಮ್ಮಾ, ಅದು ಎಣ್ಣಿ ಕುಡಿಸಿದ್ದಕ್ಕ…" ಎಂದು ನಾನು ಬಾಯಿ ತೆರೆದೆ.

ಆಕೆ ಸೊಟ್ಟ ಕೈ ಎತ್ತಿ ನನ್ನನ್ನು ತಡೆದಳು.

"ಸುಮ್ನಿರ್ರಿ ಸಾಹೇಬ್ರ. ಅದಕ್ಕ ಕೇಳಾಕತ್ತೈತಿ."